ತುಂಗಭದ್ರೆಯ ಮೆಕ್ಕಲು ಮತ್ತು ಕಡಲಿನ ಅಂಚು

ಹರಿಹರದ ಶಾಸನಗಳಲ್ಲಿ ನೀರಾವರಿಗೆ ಸಂಬಂಧಿಸಿದ ಎರಡು ವಿಶೇಷವಾಗಿ ಗಮನಾರ್ಹವಾದುವು. ಕ್ರಿ.ಶ. 1410ರಲ್ಲಿ ಹರಿದ್ರಾ ನದಿಗೆ ಅಡ್ಡಲಾಗಿ ಕಟ್ಟೆಯನ್ನು ಕಟ್ಟಿ ಕಾಲುವೆ ತೆಗೆದುದನ್ನು ಒಂದು ತಿಳಿಸುತ್ತದೆ; ಆ ಕಟ್ಟೆ ಒಡೆದುಹೋಗಿ 1424ರಲ್ಲಿ ಮರಳಿ ಕಟ್ಟಲ್ಪಟ್ಟುದನ್ನು ಇನ್ನೊಂದು ಹೇಳುತ್ತದೆ. ಅಲ್ಲಿ ನೀರಿಗೂ ನೆಲಕ್ಕೂ ಲೆಕ್ಕವುಂಟು. ನೀರಿನೊಡನೆ ಬರುವ ಮಣ್ಣಿಗೆ ಲೆಕ್ಕವಿಲ್ಲ. ಇದು ಶಾಸನ ಬರೆಸಿದವರ ದೋಷವಲ್ಲ. ಚರಿತ್ರೆಯ ಅಭ್ಯಾಸಿಗಳಾದ ನಾವೂ ಇಂದಿನವರೆಗೆ ನದಿಯನ್ನು ನೀರೆಂದೇ ಎಣಿಸುತ್ತ ಬಂದಿದ್ದೇವೆ. ಅದು ಕಡಲಿಗೆ ಕೊಂಡೊಯ್ಯುವ ಹೊರೆಯನ್ನು ಕುರಿತು ಇಲ್ಲಿ ಕೆಲಮಟ್ಟಿಗೆ ವಿಚಾರಿಸುತ್ತೇವೆ.

ತುಂಗಾ, ಭದ್ರಾ, ನೇತ್ರಾವತಿಗಳು ಪಶ್ಚಿಮಘಟ್ಟದ ಗಂಗಾಮೂಲದ ಆಸುಪಾಸಿನಲ್ಲಿಯೇ ಹುಟ್ಟುತ್ತವೆ. ನೇತ್ರಾವತಿಯು ಪಶ್ಚಿಮಕ್ಕೆ ಇಳಿದು ಮಂಗಳೂರಿನ ಬಳಿ ಅರಬ್ಬೀ ಸಮುದ್ರವನ್ನು ಸೇರುತ್ತದೆ. ಉಳಿದೆರಡು ಕೂಡಲಿಯಲ್ಲಿ ಕೂಡಿ, ಹರಿಹರವನ್ನು ಹಾದು, ಕೃಷ್ಣೆಯ ಮೂಲಕ ಬಂಗಾಳ ಕೊಲ್ಲಿಯನ್ನು ಮುಟ್ಟುತ್ತವೆ. ಕುದುರೆಮುಖದ ಕಬ್ಬಿಣದ ಬೆಟ್ಟಗಳು ಭದ್ರೆಯ ಜಲಾನಯನದಲ್ಲಿಯೇ ಇವೆ. 2005ರ ಕೊನೆಯಲ್ಲಿ ನಿಲ್ಲಿಸಲ್ಪಟ್ಟ ಗಣಿಯ ಮೇಲೆ ಇದ್ದ ಆಕ್ಷೇಪಣೆಗಳಲ್ಲಿ ನದಿಗೆ ಸೇರುವ ಹೂಳೂ ಒಂದು.

ತೀರದಿಂದ ಸುಮಾರು 200 ಮೀಟರ್ ಆಳದವರೆಗೆ ಮೆಲ್ಲನೆ ಇಳಿಯುವ ಕಡಲ ತಳವನ್ನು ಖಂಡದಂಚು ಎನ್ನಬಹುದು. ಮೀನುಗಾರಿಕೆಯ ಬಹುಭಾಗ ನಡೆಯುವುದು ಇಲ್ಲಿಯೇ. ಇಲ್ಲಿನ ಸೂಕ್ಷ್ಮ ಸಸ್ಯಗಳಿಗೆ ಸಾರಜನಕ, ರಂಜಕ, ಸಿಲಿಕಗಳು ಬೇಕು. ಕಬ್ಬಿಣ, ಸತುವು ಮೊದಲಾದ ಲೋಹಗಳು ಲೇಶಮಾತ್ರವಾದರೂ ಬೇಕು. ರಂಜಕವು ಕಬ್ಬಿಣದ ಕೆಮ್ಮಣ್ಣಿಗೆ ಅಂಟಿಕೊಂಡು ಪ್ರಯಾಣ ಮಾಡುತ್ತದೆ. ಅಳಿವೆಯಲ್ಲಿ ಉಪ್ಪುನೀರು ತಗುಲಿದೊಡನೆ ನೀರಿನಲ್ಲಿರುವ ಕಬ್ಬಿಣದ ಹೆಚ್ಚಿನ ಪಾಲು ಹೆಪ್ಪುಗಟ್ಟಿ ತಳಕ್ಕೆ ಬೀಳುತ್ತದೆ. ಆಮ್ಲಜನಕವು ಕಡಮೆಯಾದ ಕೆಸರಿನಿಂದ ಅವೇ ದ್ರವ್ಯಗಳು ಮತ್ತೆ ನೀರಿಗೆ ಬಿಡುಗಡೆಯಾಗುತ್ತವೆ. ಹೀಗೆ ಘಟ್ಟದ ಮಣ್ಣು ಕಡಲಿನ ಆಹಾರವಾಗುತ್ತದೆ.

ಈ ದಾರಿಗೆ 1953ರಲ್ಲಿ ಪೂರ್ಣಗೊಂಡ ಹೊಸಪೇಟೆಯ ಅಣೆಕಟ್ಟು ಅಡ್ಡಬಂದಿತು. ಆರಂಭದಲ್ಲಿ 133 ಟಿ.ಎಂ.ಸಿ. ಅಡಿಗಳಷ್ಟಿದ್ದ ಜಲಾಶಯದ ಸಾಮರ್ಥ್ಯವು 2016ರ ಸಮೀಕ್ಷೆಯಲ್ಲಿ ಸುಮಾರು 105ಕ್ಕೆ ಇಳಿದಿತ್ತು. ಎಂದರೆ 28 ಟಿ.ಎಂ.ಸಿ., ಅಥವಾ ಸುಮಾರು 79 ಕೋಟಿ ಘನಮೀಟರ್ ಜಾಗವನ್ನು ಹೂಳು ಆಕ್ರಮಿಸಿದೆ. ರೈತರ ದೃಷ್ಟಿಯಿಂದ ಇದು ನೀರಿನ ನಷ್ಟ. ಹಾಗೆಂದೇ ಎಲ್ಲರೂ ಬರೆದಿದ್ದಾರೆ. ಕೃಷ್ಣೆಯ ಮುಖಜಭೂಮಿಯ ಆಚೆಯ ಕಡಲಿಗೆ ಇದು ಅನ್ನದ ನಷ್ಟವೂ ಅಹುದು. ಅಣೆಕಟ್ಟಿನ ನಿಂತ ನೀರಿನಲ್ಲಿ ಸಿಲಿಕವೂ ಉಳಿದುಹೋಗುತ್ತದೆ. ಆದರೆ ರಸಗೊಬ್ಬರದ ಸಾರಜನಕವು ಕರಗಿ ಸುಲಭವಾಗಿ ಮುಂದೆ ಹರಿಯುತ್ತದೆ. ಭದ್ರಾ ಕಾಲುವೆಯಿಂದ ಭತ್ತ ಬೆಳೆಯುವ ದಾವಣಗೆರೆಯ ಗದ್ದೆಗಳಿಗೆ ಹಾಕಿದ ಗೊಬ್ಬರಕ್ಕೂ ಈ ಮಾತು ಸಲ್ಲುತ್ತದೆ. ಒಟ್ಟಿನಲ್ಲಿ ಕಡಲಿಗೆ ತಲಪುವುದು ಕಡಮೆಯಾಯಿತೆನ್ನುವುದಕ್ಕಿಂತ, ಅದರ ಪ್ರಮಾಣಭೇದವೇ ಕೆಟ್ಟಿತೆನ್ನುವುದು ಹೆಚ್ಚು ಸರಿ. ಸಿಲಿಕದ ಚಿಪ್ಪು ಕಟ್ಟುವ ಡಯಾಟಮ್ ಎಂಬ ಸಸ್ಯಗಳಿಗೆ ಇದು ಅನುಕೂಲವಲ್ಲ.

ಹರಿಹರದ ಎದುರು ದಡದ ಕುಮಾರಪಟ್ಟಣದಲ್ಲಿ 1972ರಲ್ಲಿ ಆರಂಭವಾದ ಹರಿಹರ ಪಾಲಿಫೈಬರ್ಸ್ ಕಾರ್ಖಾನೆಯ ಕೊಳಚೆನೀರನ್ನು ಕುರಿತು ಕೆಳಗಿನ ಹಳ್ಳಿಗಳವರು ದೂರಿದರು, ಮೀನು ಸತ್ತುವೆಂದರು. 1984ರಲ್ಲಿ ಸಮಾಜ ಪರಿವರ್ತನ ಸಮುದಾಯವು ಇದನ್ನು ಚಳವಳಿಯಾಗಿ ಎತ್ತಿಕೊಂಡಿತು. ನದಿಯ ಹೊರೆಯನ್ನು ಜನರು ತಾವಾಗಿ ಲೆಕ್ಕಕ್ಕೆ ತೆಗೆದುಕೊಂಡ ಪ್ರಸಂಗವೆಂದು ಇದನ್ನು ನಾವು ಭಾವಿಸುತ್ತೇವೆ. ಅದಕ್ಕೆ ತಕ್ಕ ಸ್ಥಾನವು ಪಠ್ಯಗಳಲ್ಲಿ ಇನ್ನೂ ದೊರೆತಿಲ್ಲ.

ಪಶ್ಚಿಮದ ಕಡಲಿನ ಕಥೆ ಬೇರೆ. ಅಲ್ಲಿ ಮುಂಗಾರಿನಲ್ಲಿ ಆಳದ ತಣ್ಣೀರು ತಾನಾಗಿ ಮೇಲೆದ್ದು ಪೋಷಕದ್ರವ್ಯಗಳನ್ನು ತರುತ್ತದೆ. ಭೂತಾಯಿ ಮೀನಿನ ಸುಗ್ಗಿಯು ಇದನ್ನೇ ನೆಮ್ಮಿದೆ. ಆದರೆ ಪೋಷಣೆ ಹೆಚ್ಚಾದಲ್ಲಿ ಕೊಳೆಯುವಿಕೆಯೂ ಹೆಚ್ಚು. 1999ರಲ್ಲಿ ಪಶ್ಚಿಮ ಖಂಡದಂಚಿನ ತಳದ ನೀರಿನಲ್ಲಿ ಆಮ್ಲಜನಕವು ಪೂರ್ತಿ ತೀರಿ, ಗಂಧಕಯುಕ್ತ ಜಲಜನಕಾನಿಲವು ಕಾಣಿಸಿಕೊಂಡುದನ್ನು ಗೋವೆಯ ರಾಷ್ಟ್ರೀಯ ಸಾಗರವಿಜ್ಞಾನ ಸಂಸ್ಥೆಯ ಎಸ್. ಡಬ್ಲ್ಯು. ಎ. ನಖ್ವಿಯವರೂ ಸಂಗಡಿಗರೂ 2000ದಲ್ಲಿ ಪ್ರಕಟಿಸಿದರು. ನೆಲದಿಂದ ಬರುವ ಸಾರಜನಕವು ಇದನ್ನು ತೀವ್ರಗೊಳಿಸಿರಬೇಕೆಂಬುದು ಅವರ ಊಹೆ.

2024ರ ಆಗಸ್ಟ್ 10ರ ರಾತ್ರಿ ಹೊಸಪೇಟೆಯ ಅಣೆಕಟ್ಟಿನ 19ನೆಯ ಗೇಟು ಕೊಚ್ಚಿಹೋದಾಗ ಎಲ್ಲರೂ ಲೆಕ್ಕ ಹಾಕಿದುದು ಹರಿದುಹೋದ ನೀರನ್ನು. ಆ ಗೇಟು ಇದ್ದುದು ಕಟ್ಟೆಯ ನೆತ್ತಿಯಲ್ಲಿ; ಎಪ್ಪತ್ತು ವರ್ಷಗಳ ಹೂಳು ಅದರ ಬಹು ಕೆಳಗೆ ಇದ್ದಲ್ಲಿಯೇ ಇತ್ತು.