ಕೊಡುವವನ ಸ್ಥಾನ: ದಾಸೋಹತತ್ತ್ವದ ಒಂದು ವಿಚಾರ

ಮಾನವರು ಕೂಡಿ ಬಾಳಬೇಕೆಂದು ಸಾರದ ಧರ್ಮವಿಲ್ಲ. ಆದರೆ ಆ ಕೂಡುಬಾಳು ಯಾವ ಕಟ್ಟಿನಿಂದ ನಿಲ್ಲುತ್ತದೆ, ಯಾವುದರಿಂದ ಕೆಡುತ್ತದೆ ಎಂಬುದನ್ನು ಬೇರೆ ಬೇರೆ ಜನಾಂಗಗಳ ಜೀವನಕ್ರಮವನ್ನು ಪರಿಶೀಲಿಸಿ ನಿರ್ಣಯಿಸಲು ಯತ್ನಿಸಿದ ಶಾಸ್ತ್ರ ಮಾನವಶಾಸ್ತ್ರ. ಆ ಶಾಸ್ತ್ರದ ಒಂದು ಮುಖ್ಯ ಸಿದ್ಧಾಂತದೊಡನೆ ನಮ್ಮ ಶರಣರ ದಾಸೋಹತತ್ತ್ವವನ್ನು ಹೋಲಿಸಿ ನೋಡುವುದು ಪ್ರಕೃತ ಲೇಖನದ ಉದ್ದೇಶ.

ನ್ಯೂಗಿನಿಗೆ ಸಮೀಪದ ಟ್ರೋಬ್ರಿಯಾಂಡ್ ದ್ವೀಪವಾಸಿಗಳ ನಡುವೆ ಕೆಲವು ಕಾಲ ನೆಲಸಿದ್ದ ಮಲಿನೋವ್‌ಸ್ಕಿ 1922ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ‘ಕುಲಾ’ ಎಂಬ ವಿನಿಮಯಪದ್ಧತಿಯ ವರ್ಣನೆಯಿದೆ. ಕೆಂಪು ಚಿಪ್ಪಿನ ಹಾರಗಳು ದ್ವೀಪದಿಂದ ದ್ವೀಪಕ್ಕೆ ಒಂದು ದಿಕ್ಕಿನಲ್ಲಿಯೂ ಬಿಳಿಯ ಚಿಪ್ಪಿನ ತೋಳಬಳೆಗಳು ಅದಕ್ಕೆ ಇದಿರು ದಿಕ್ಕಿನಲ್ಲಿಯೂ ಸಾಗುತ್ತಿರುತ್ತವೆ. ಪಡೆದವನು ಅವನ್ನು ಬಹುಕಾಲ ತನ್ನಲ್ಲಿಯೇ ಇರಿಸಿಕೊಳ್ಳುವಂತಿಲ್ಲ. ಇಂತಹ ಪದ್ಧತಿಗಳನ್ನು ವಿವೇಚಿಸಿ ಫ್ರೆಂಚ್ ವಿದ್ವಾಂಸ ಮಾರ್ಸೆಲ್ ಮೋಸ್ 1925ರಲ್ಲಿ ಕೊಡುಗೆಯನ್ನು ಕುರಿತ ತನ್ನ ಪ್ರಸಿದ್ಧ ಪ್ರಬಂಧವನ್ನು ಪ್ರಕಟಿಸಿದನು. ಕೊಡುವುದು, ಸ್ವೀಕರಿಸುವುದು, ಮರಳಿ ಕೊಡುವುದು ಈ ಮೂರೂ ಕಡ್ಡಾಯವಾದ ಕರ್ತವ್ಯಗಳು; ಇವುಗಳಿಂದಲೇ ಜನಸಮುದಾಯಗಳು ಕಾದಾಟವನ್ನು ಬಿಟ್ಟು ಕೂಡಿ ಬಾಳಲು ಕಲಿತವು ಎಂಬುದು ಆತನ ಅಭಿಮತ. ಕೊಡುಗೆಯ ಇನ್ನೊಂದು ಮುಖವನ್ನೂ ಆತನು ಮರೆಮಾಚಲಿಲ್ಲ. ಉತ್ತರ ಅಮೆರಿಕದ ವಾಯವ್ಯ ಕರಾವಳಿಯ ಮೂಲನಿವಾಸಿಗಳ ‘ಪಾಟ್‌ಲಾಚ್’ ಎಂಬ ಔತಣಗಳಲ್ಲಿ ನಾಯಕರು ಪೈಪೋಟಿಯಿಂದ ಕಂಬಳಿಗಳನ್ನೂ ತಾಮ್ರದ ಫಲಕಗಳನ್ನೂ ಹಂಚುತ್ತಿದ್ದರು. ಅದಕ್ಕೆ ಸಮನಾಗಿ ಮರಳಿ ಕೊಡಲಾರದವನ ಮಾನ ಹೋಗುತ್ತಿತ್ತು. ಕೊಟ್ಟ ಕೈ ಮೇಲಾಗಿ, ಪಡೆದ ಕೈ ಕೆಳಗಾಗುತ್ತಿತ್ತು.

ಮೋಸ್ ಭಾರತದ ದಾನಧರ್ಮವನ್ನೂ ವಿವೇಚಿಸಿದ್ದಾನೆ. ಆತನಿಗೆ ಆಧಾರವಾದುವು ಮಹಾಭಾರತದ ಅನುಶಾಸನಪರ್ವ ಮತ್ತು ಧರ್ಮಶಾಸ್ತ್ರಗಳು. ಡಾ. ಫ.ಗು. ಹಳಕಟ್ಟಿಯವರ ‘ವಚನಶಾಸ್ತ್ರಸಾರ’ದ ಮೊದಲ ಭಾಗ 1923ರಲ್ಲಷ್ಟೇ ಅಚ್ಚಾಗಿತ್ತು, ಕನ್ನಡದ ಶರಣಸಾಹಿತ್ಯ ಆತನ ವಿವೇಚನೆಯೊಳಗೆ ಬರಲಿಲ್ಲ. ಬಂದಿದ್ದರೆ, ಕೊಟ್ಟವನು ಮೇಲು ಎಂಬ ನಿಯಮಕ್ಕೆ ಒಂದು ಮಹತ್ತ್ವದ ಅಪವಾದ ದೊರೆಯುತ್ತಿತ್ತು.

‘ದಾಸೋಹಂ’ ಎಂದರೆ ‘ನಾನು ದಾಸ’ ಎಂದರ್ಥ. ದಾನದಲ್ಲಿ ಕೊಡುವವನು ದಾತನೆನಿಸುತ್ತಾನೆ. ಪುಣ್ಯವೂ ಕೀರ್ತಿಯೂ ಅವನಿಗೆ ಸಲ್ಲುತ್ತವೆ. ದಾಸೋಹದಲ್ಲಾದರೋ ಕೊಡುವವನೇ ಸೇವಕ. ಸ್ವೀಕರಿಸುವ ಜಂಗಮ ಒಡೆಯ. ಇದ್ದುದೆಲ್ಲವೂ ಶಿವನ ಸೊತ್ತು, ಅದನ್ನು ಸಲ್ಲಬೇಕಾದಲ್ಲಿಗೆ ಸಲ್ಲಿಸುವುದಷ್ಟೇ ತನ್ನ ಪಾಲಿನ ಕೆಲಸ ಎಂಬ ಭಾವವಿದ್ದಲ್ಲಿ ಪಡೆದವನ ಮೇಲೆ ಋಣವೇ ಹುಟ್ಟದು. ಇದಕ್ಕೆ ಶರಣರು ಇನ್ನೊಂದು ನಿಬಂಧನೆಯನ್ನೂ ವಿಧಿಸಿದರು: ದಾಸೋಹವು ಸತ್ಯಶುದ್ಧ ಕಾಯಕದಿಂದ ಬಂದುದಾಗಿರಬೇಕು. ಭಂಡಾರಿ ಬಸವಣ್ಣನವರಿಗೂ ಹಗ್ಗ ಹೊಸೆಯುವ ನುಲಿಯ ಚಂದಯ್ಯನಿಗೂ ನಿಯಮ ಒಂದೇ ಆಯಿತು.

ಈ ತತ್ತ್ವದ ಆಳವನ್ನು ತಿಳಿಯಲು ಆಯ್ದಕ್ಕಿ ದಂಪತಿಗಳ ಪ್ರಸಂಗ ಸಾಕು. ಮಾರಯ್ಯನು ಕಲ್ಯಾಣದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ಪತ್ನಿ ಲಕ್ಕಮ್ಮನೊಡನೆ ದಾಸೋಹ ನಡೆಸುತ್ತಿದ್ದನು. ಒಂದು ದಿನ ನಿತ್ಯಕ್ಕಿಂತ ಹೆಚ್ಚಾಗಿ ತಂದಾಗ ಲಕ್ಕಮ್ಮ ಅದನ್ನೊಪ್ಪದೆ, ಹೆಚ್ಚಾದುದನ್ನು ಆಯ್ದ ಸ್ಥಳದಲ್ಲಿಯೇ ಸುರಿದು ಬರುವಂತೆ ಹೇಳಿದಳು. ಅಕ್ಕಿ ಹೆಚ್ಚಿದರೆ ದಾಸೋಹವೂ ಹೆಚ್ಚುವುದಲ್ಲವೆ ಎಂದು ಲೋಕ ಕೇಳಬಹುದು. ಅಗತ್ಯಕ್ಕೆ ಮೀರಿದುದು ದಾಸೋಹದ ಹೆಸರಿನಲ್ಲಿ ಬಂದರೂ ಆಸೆಯೇ ಎಂಬುದು ಆಕೆಯ ನಿಲುವು. ಕೊಡುಗೆಯ ಪ್ರಮಾಣದಿಂದ ಮೇಲ್ಮೆ ಗಳಿಸುವ ಮಾರ್ಗವನ್ನು ಆಕೆ ಬುಡದಲ್ಲಿಯೇ ಕಡಿದಳು. ಈ ಪ್ರಸಂಗವನ್ನು ವಿಸ್ತರಿಸಿ ಹೇಳುವ ಶೂನ್ಯಸಂಪಾದನೆ ಸಂಕಲಿತವಾದುದು ಹದಿನೈದನೆಯ ಶತಮಾನದಲ್ಲಿ. ಆದ್ದರಿಂದ ಇದನ್ನು ಕಣ್ಣಾರೆ ಕಂಡವರ ವರದಿಯೆಂದು ಹಿಡಿಯಲಾಗದು. ಆದರೂ ಸಮುದಾಯವೊಂದು ಸುಮಾರು ಮುನ್ನೂರು ವರ್ಷಗಳ ಅನಂತರವೂ ತನ್ನ ಆದರ್ಶವನ್ನು ಬರಿಗೈಯ ಗೃಹಿಣಿಯೊಬ್ಬಳಲ್ಲಿ ಕಂಡಿತೆಂಬುದು ಚರಿತ್ರೆಗೆ ಸಲ್ಲುವ ಸಾಕ್ಷ್ಯವೇ ಆಗಿದೆ.

ನಮ್ಮ ಮಠಗಳಲ್ಲಿ ದಾಸೋಹದ ಒಲೆ ಇಂದಿಗೂ ಆರಿಲ್ಲ. ತುಮಕೂರಿನ ಸಿದ್ಧಗಂಗಾ ಮಠದಂತಹ ಕ್ಷೇತ್ರಗಳಲ್ಲಿ ಜಾತಿಮತಗಳ ಎಣಿಕೆಯಿಲ್ಲದೆ ಸಾವಿರಾರು ವಿದ್ಯಾರ್ಥಿಗಳು ಉಂಡು ಓದುತ್ತಿದ್ದಾರೆ. ಆದರೆ ಕಲ್ಲಿನ ಮೇಲೆ ಕೆತ್ತಿಸಿದ ದಾನಿಗಳ ಹೆಸರುಗಳೂ, ಪಂಕ್ತಿಯ ನಡುವೆ ಧ್ವನಿವರ್ಧಕದಲ್ಲಿ ಸಾರುವ ಮೊತ್ತಗಳೂ ಹಲವೆಡೆ ಹೆಚ್ಚುತ್ತಿವೆ. ಅವು ಲಕ್ಕಮ್ಮನ ಅಂಗಳಕ್ಕೆ ಸೇರಿದುವೋ, ದೂರದ ಕರಾವಳಿಯ ನಾಯಕರ ಔತಣಕ್ಕೆ ಸೇರಿದುವೋ ಎಂಬುದನ್ನು ಭಕ್ತರು ವಿಚಾರಿಸಬೇಕು. ಎಷ್ಟು ಜನ ಉಂಡರು ಎಂದು ಲೆಕ್ಕ ಹಾಕುವ ಮೊದಲು, ಉಂಡವರು ತಲೆ ತಗ್ಗಿಸದೆ ಎದ್ದು ಹೋದರೆ ಎಂದು ನಮ್ಮನ್ನು ನಾವೇ ಕೇಳಿಕೊಳ್ಳುವುದು ಲೇಸು.