ನಗಾರಖಾನೆಯೊಳಗಿನ ದಾರಿ: ಗೋಲಗುಮ್ಮಟ ವಸ್ತುಸಂಗ್ರಹಾಲಯದ ಫಲಕ ವಿನ್ಯಾಸ ಕುರಿತು

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಕಡೆಯಿಂದ ವಿಜಯಪುರಕ್ಕೆ ಬಂದವರ ಕಣ್ಣು ನೆಟ್ಟಿರುವುದು ಗುಮ್ಮಟದ ಮೇಲೆ. ಅದರ ಮುಂದಿನ ನಗಾರಖಾನೆ ಅವರಿಗೆ ದಾಟಿಹೋಗುವ ಕಟ್ಟಡವಷ್ಟೇ. 1892ರಲ್ಲಿ ಜಿಲ್ಲಾ ವಸ್ತುಸಂಗ್ರಹಾಲಯವಾಗಿ ಆರಂಭಗೊಂಡು, 1982ರಲ್ಲಿ ಕೇಂದ್ರ ಪುರಾತತ್ವ ಇಲಾಖೆಯ ಕೈಸೇರಿದ ಸಂಗ್ರಹ ಇರುವುದು ಅಲ್ಲಿಯೇ. ಕೆಳಗಿನ ಗ್ಯಾಲರಿಗಳಲ್ಲಿ ಶಿಲ್ಪಗಳು, ಕನ್ನಡ, ಸಂಸ್ಕೃತ, ಅರಬ್ಬಿ, ಪಾರ್ಸಿ ಶಾಸನಗಳು. ಮೇಲೆ ಆಯುಧ, ಕಿರುವರ್ಣಚಿತ್ರ, ಬಿದರಿ ಸಾಮಾನು, ಹಸ್ತಪ್ರತಿ, ರತ್ನಗಂಬಳಿ.

ಹೀಗಾಗಿ ಮೊದಲ ಫಲಕ ಬೇಕಿರುವುದು ಒಳಗಲ್ಲ, ಹೊರಗೆ. ಗುಮ್ಮಟದ ಮೂಲೆಯ ಗೋಪುರ ಹತ್ತಿ, ಪ್ರತಿಧ್ವನಿಗಾಗಿ ಕೂಗಿ ಇಳಿದವರಿಗೆ ಮತ್ತೆ ಮೆಟ್ಟಿಲೇರುವ ಹುಮ್ಮಸ್ಸು ಎಲ್ಲಿಂದ ಬರಬೇಕು? ವಸ್ತುಸಂಗ್ರಹಾಲಯ ನೋಡುವವರ ದಣಿವಿನ ಬಗ್ಗೆ ಅಮೆರಿಕದ ಬೆಂಜಮಿನ್ ಗಿಲ್ಮನ್ 1916ರಷ್ಟು ಹಿಂದೆಯೇ ಬರೆದಿದ್ದರು. ‘ಮೊದಲು ಇಲ್ಲಿ, ಆಮೇಲೆ ಗುಮ್ಮಟ’ ಎಂಬ ಸೂಚನೆ ಟಿಕೆಟ್ ಕೊಳ್ಳುವಲ್ಲಿಯೇ ಕಾಣಬೇಕು.

ಒಳಗೆ ಕಾಲಿಟ್ಟವರು ಯಾವ ಕಡೆ ತಿರುಗುತ್ತಾರೆ? ಅಮೆರಿಕದ ಕಲಾ ವಸ್ತುಸಂಗ್ರಹಾಲಯಗಳಲ್ಲಿ ಹೆಚ್ಚಿನವರು ಬಲಕ್ಕೆ ಹೊರಳುತ್ತಾರೆಂದು ಮನಶ್ಶಾಸ್ತ್ರಜ್ಞ ಆರ್ಥರ್ ಮೆಲ್ಟನ್ 1935ರಲ್ಲಿ ತೋರಿಸಿದರು. ವಿನ್ಯಾಸಕಾರರು ಇದನ್ನು ಸಾರ್ವತ್ರಿಕ ನಿಯಮವೆಂಬಂತೆ ಬಳಸುವುದು ನನಗೆ ಒಪ್ಪಿಗೆಯಿಲ್ಲ. ಗುಡಿಯಲ್ಲಿ ಪ್ರದಕ್ಷಿಣೆ ಹಾಕುವವರು ದೇವರನ್ನು ಬಲಕ್ಕಿಟ್ಟುಕೊಂಡು ಎಡಗಡೆಯಿಂದ ಹೊರಡುತ್ತಾರೆ. ಮೂರ್ತಿಗಳೇ ತುಂಬಿರುವ ಕೋಣೆಯಲ್ಲಿ ಆ ರೂಢಿ ಜಾಗೃತವಾಗುವ ಸಂಭವವುಂಟು. ಇದು ಸದ್ಯಕ್ಕೆ ಊಹೆ. ಬಾಣದ ಗುರುತು ಹಾಕುವ ಮುನ್ನ ಪರೀಕ್ಷಿಸಬೇಕಾದ ಊಹೆ.

ಅಕ್ಷರದ ವಿಚಾರ ಇನ್ನೂ ಸೂಕ್ಷ್ಮ. ‘ಶಸ್ತ್ರಾಸ್ತ್ರ’ ಎಂದು ಬರೆಸಿ ನೋಡಿ: ಒಂದೇ ಪದದಲ್ಲಿ ಎರಡು ಕಡೆ ಜೋಡಿ ಒತ್ತು. ಮೇಲಿನ ಅಕ್ಷರಗಳು ದೂರದಿಂದ ಸ್ಪಷ್ಟವಾಗಿದ್ದರೂ ಕೆಳಗಿನ ತ, ರ ಒತ್ತುಗಳು ಕಲಸಿಹೋಗುತ್ತವೆ. ಇಂಗ್ಲಿಷಿನ ಅಕ್ಷರದ ಎತ್ತರಕ್ಕೆ ಕನ್ನಡವನ್ನು ಸರಿದೂಗಿಸಿದರೆ ಒತ್ತು ಸವೆಯುತ್ತದೆ, ಇಲ್ಲವೇ ಮುಂದಿನ ಸಾಲಿಗೆ ತಾಗುತ್ತದೆ. ಕನ್ನಡ ಫಲಕದ ಅಳತೆ ಒತ್ತಿನಿಂದಲೇ ಶುರುವಾಗಬೇಕು. ‘ಶಸ್ತ್ರಾಸ್ತ್ರ’ದ ಬದಲು ‘ಕತ್ತಿ, ಗುರಾಣಿ’ ಎಂದರೆ ಓದುವವರಿಗೂ ಸಲೀಸು, ಬರೆಯುವವರಿಗೂ ಸಲೀಸು.

ಇನ್ನು ಕಟ್ಟಡವೇ ಸಂರಕ್ಷಿತ ಸ್ಮಾರಕ. 1958ರ ಪ್ರಾಚೀನ ಸ್ಮಾರಕಗಳ ಕಾಯ್ದೆಯ ರಕ್ಷಣೆಯಿರುವ ಗೋಡೆಗೆ ಮನಬಂದಂತೆ ಮೊಳೆ ಹೊಡೆಯುವಂತಿಲ್ಲ. ನೆಲದ ಮೇಲೆ ನಿಲ್ಲುವ, ಎತ್ತಿಡಬಹುದಾದ ಸ್ಟ್ಯಾಂಡುಗಳೇ ಸೂಕ್ತ. ಸರಿಸಿ ನೋಡಲು ಬರುವುದು ಅವುಗಳ ದೊಡ್ಡ ಅನುಕೂಲ. ಕಾಯಂ ಫಲಕಕ್ಕೆ ಟೆಂಡರ್ ಕರೆಯುವ ಮೊದಲು ಇಲಾಖೆಯು ರಟ್ಟಿನ ಮಾದರಿಗಳನ್ನಿಟ್ಟು, ಜಾತ್ರೆಯ ಸಮಯದಲ್ಲಿ ಹಳ್ಳಿಗಳಿಂದ ಬರುವವರು ಎಲ್ಲಿ ನಿಲ್ಲುತ್ತಾರೆ, ಎಲ್ಲಿ ಕಾವಲುಗಾರರನ್ನು ದಾರಿ ಕೇಳುತ್ತಾರೆ ಎಂಬುದನ್ನು ದಾಖಲಿಸಬೇಕು.