ಮಾಸಿನ ಗೋಡೆ ದಾಟಿದ ವಿಷ

ಕಾಸರಗೋಡು ಜಿಲ್ಲೆಯ ಎಣ್ಮಕಜೆ ಪಂಚಾಯಿತಿಯಲ್ಲಿ ಪಡ್ರೆ ಎಂಬ ಹಳ್ಳಿಯಿದೆ. ಅಲ್ಲಿನ ಪುಟ್ಟ ಪೇಟೆಯ ಹೆಸರು ಸ್ವರ್ಗ. ಸುತ್ತಲ ಗುಡ್ಡಗಳಲ್ಲಿ ಕೇರಳ ಪ್ಲಾಂಟೇಶನ್ ಕಾರ್ಪೊರೇಶನ್ನಿನ ಗೇರು ತೋಟಗಳು. 1970ರ ದಶಕದ ಕೊನೆಯಿಂದ 2000ದವರೆಗೆ ಹೆಲಿಕಾಪ್ಟರುಗಳು ಈ ತೋಟಗಳ ಮೇಲೆ ಎಂಡೋಸಲ್ಫಾನ್ ಕೀಟನಾಶಕ ಸಿಂಪಡಿಸಿದವು. ಆ ಗುಡ್ಡಗಳ ನೀರೇ ಊರಿನ ಸುರಂಗ, ತೋಡುಗಳಿಗೆ ಆಸರೆ.

ಮೊದಲು ಕಂಡದ್ದು ಕಾಲು ಸೊಟ್ಟಗಾಗಿ ಹುಟ್ಟಿದ ಕರುಗಳು. ಪತ್ರಕರ್ತ ಶ್ರೀ ಪಡ್ರೆ ಆಗಲೇ ಅದನ್ನು ಬರೆದರು. ಮುಂದೆ ವಾಣಿನಗರದ ವೈದ್ಯ ಡಾ. ವೈ.ಎಸ್. ಮೋಹನಕುಮಾರ್ ತಮ್ಮ ರೋಗಿಗಳಲ್ಲಿ ಬುದ್ಧಿಮಾಂದ್ಯ, ಅಪಸ್ಮಾರ, ಹುಟ್ಟಿನಿಂದಲೇ ಬಂದ ಅಂಗವೈಕಲ್ಯ ಅತಿಯಾಗಿರುವುದನ್ನು ಗಮನಿಸಿದರು. ಇನ್ನೂ ಹುಟ್ಟದ ಕೂಸನ್ನು ಹೊರಗಿನ ವಿಷ ಮುಟ್ಟುವುದಾದರೂ ಹೇಗೆ?

ಉತ್ತರವಿರುವುದು ಹೆರಿಗೆಯಲ್ಲಿ ಕೂಸಿನ ಹಿಂದೆಯೇ ಹೊರಬೀಳುವ ಮಾಸಿನಲ್ಲಿ. ತಾಯಿಯ ರಕ್ತವೂ ಕೂಸಿನ ರಕ್ತವೂ ಬೆರೆಯದಂತೆ ಅಲ್ಲೊಂದು ತೆಳು ಪೊರೆಯಿರುತ್ತದೆ. ಅದು ಕೋಟೆಗೋಡೆಯೆಂದೇ ವೈದ್ಯರು ಬಹುಕಾಲ ನಂಬಿದ್ದರು. 1961ರಲ್ಲಿ ಥಾಲಿಡೊಮೈಡ್ ಆ ನಂಬಿಕೆಯನ್ನು ಕೆಡವಿತು. ಬಸುರಿಯರು ನುಂಗಿದ ಆ ಮಾತ್ರೆ ಸಾವಿರಾರು ಕೂಸುಗಳ ಕೈಕಾಲು ಕಸಿದಿತ್ತು. ಜಪಾನಿನ ಮಿನಮಾಟದಲ್ಲಿ ಪಾದರಸ ಸೇರಿದ ಮೀನು ತಿಂದ ಎಷ್ಟೋ ತಾಯಂದಿರಿಗೆ ಹೆಚ್ಚೇನೂ ಆಗದೆ, ಮಕ್ಕಳು ಮಾತ್ರ ರೋಗ ಹೊತ್ತೇ ಹುಟ್ಟಿದರು. ಹೊಕ್ಕುಳಬಳ್ಳಿಯ ತುಣುಕನ್ನು ಒಣಗಿಸಿ ಜೋಪಾನವಾಗಿಡುವುದು ಅಲ್ಲಿನ ವಾಡಿಕೆ. ವರ್ಷಗಳ ಬಳಿಕ ಆ ತುಣುಕುಗಳನ್ನು ಪರೀಕ್ಷಿಸಿದಾಗ ಪಾದರಸ ಸಿಕ್ಕಿತು.

ಕೊಬ್ಬಿನಲ್ಲಿ ಕರಗುವ ಸಣ್ಣ ಅಣುಗಳು ಪೊರೆಯನ್ನು ಸುಲಭವಾಗಿ ದಾಟುತ್ತವೆ. ಎಂಡೋಸಲ್ಫಾನ್ ಅಂಥದೇ. ಸ್ಪೇನಿನ ತಾಯಂದಿರ ಮಾಸಿನಲ್ಲಿ ಅದು ಪತ್ತೆಯಾಗಿದೆ. ಸಿಂಪಡಣೆ ನಿಂತ ಮೇಲೂ ಪಡ್ರೆಯ ಶಾಲಾಮಕ್ಕಳ ರಕ್ತದಲ್ಲಿ ಅದರ ಅಂಶವಿದ್ದುದನ್ನು ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆ ತೋರಿಸಿತು. ಊರಿನ ಎಲ್ಲ ಕಾಯಿಲೆಗಳಿಗೂ ಅದೊಂದೇ ಕಾರಣವೇ ಎಂಬ ವಾದ ಮುಗಿದಿಲ್ಲ. ಆದರೆ 2011ರ ಮೇ 13ರಂದು ಸುಪ್ರೀಂ ಕೋರ್ಟ್ ದೇಶದಲ್ಲೆಲ್ಲ ಅದರ ಬಳಕೆಯನ್ನು ತಡೆಯಿತು.

ಈಗ ಅದೇ ದಾರಿಯಲ್ಲಿ ಪ್ಲಾಸ್ಟಿಕ್ಕಿನ ರಾಸಾಯನಿಕಗಳು ಸಾಗುತ್ತಿವೆ. ಗಟ್ಟಿ ಪಾಲಿಕಾರ್ಬೊನೇಟ್ ಬಾಟಲಿಗಳ ತಯಾರಿಕೆಗೆ ಬೇಕಾದ ಬಿಸ್ಫೆನಾಲ್-ಎ ಹೆಣ್ಣು ಹಾರ್ಮೋನಿನಂತೆ ವರ್ತಿಸುತ್ತದೆಂದು 1936ರಲ್ಲೇ ತಿಳಿದಿತ್ತು. 2002ರ ಜರ್ಮನ್ ಅಧ್ಯಯನದಲ್ಲಿ ಅದು ತಾಯಿಯ ರಕ್ತ, ಕೂಸಿನ ರಕ್ತ, ಮಾಸು ಮೂರರಲ್ಲೂ ಸಿಕ್ಕಿತು. 2021ರಲ್ಲಿ ಪ್ರಕಟವಾದ ಇಟಲಿಯ ಅಧ್ಯಯನವೊಂದರಲ್ಲಿ 6 ಮಾಸುಗಳ ಪೈಕಿ 4ರಲ್ಲಿ ಪ್ಲಾಸ್ಟಿಕ್ಕಿನ 12 ಸೂಕ್ಷ್ಮ ಚೂರುಗಳೇ ಇದ್ದವು. ಇವು ಕೂಸಿಗೆ ಎಷ್ಟರಮಟ್ಟಿಗೆ ಕೇಡು ಮಾಡುತ್ತವೆಂಬ ಲೆಕ್ಕವನ್ನು ವಿಜ್ಞಾನಿಗಳು ಇನ್ನೂ ಹಾಕುತ್ತಿದ್ದಾರೆ. ಲೆಕ್ಕ ಪೂರ್ತಿಯಾಗಲೆಂದು ಕಾಯುವುದರ ಬೆಲೆ ಪಡ್ರೆಗೆ ಗೊತ್ತು. ಕರುಗಳು ಸೊಟ್ಟಗೆ ಹುಟ್ಟಿದ್ದಕ್ಕೂ ಸಿಂಪಡಣೆ ನಿಂತದ್ದಕ್ಕೂ ನಡುವೆ ಅಲ್ಲಿ ಸುಮಾರು ಎರಡು ದಶಕ ಕಳೆದುಹೋಗಿದ್ದವು.